‘ಹದ್-ಅನ್‌ಹದ್’: ಕೇಳಲು ಹೊರಟ ‘ನಾನು’

ಸಾಕ್ಷ್ಯಚಿತ್ರದಲ್ಲಿ ‘ನಾನು’ ಎಂಬ ದನಿ ಕೇಳಿಸಿದ ಕೂಡಲೇ ಅನುಮಾನ ಹುಟ್ಟುತ್ತದೆ: ತೋರಿಸಹೊರಟ ಊರು ಬರೀ ನೆಪವಾಗಿ ನಿರ್ದೇಶಕರೇ ಮೆರೆದುಬಿಟ್ಟರೆ? ಶಬನಂ ವೀರ್ಮಾನಿ ಅವರ ‘ಹದ್-ಅನ್‌ಹದ್’ (ಎಲ್ಲೆ-ಎಲ್ಲೆಯಿಲ್ಲದ್ದು, 2008) ಈ ಅಪಾಯವನ್ನು ಗೆದ್ದ ಚಿತ್ರ. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ 2003ರಲ್ಲಿ ಶುರುವಾದ ಕಬೀರ್ ಪ್ರಾಜೆಕ್ಟ್‌ನ ನಾಲ್ಕು ಚಿತ್ರಗಳಲ್ಲಿ ಇದೊಂದು.

2002ರ ಗುಜರಾತ್ ಹಿಂಸಾಚಾರದಿಂದ ಕದಡಿದ ಮನಸ್ಸೇ ಈ ಅಲೆದಾಟದ ಮೂಲ. ಸಂತಕವಿ ಕಬೀರರ ರಾಮ ಯಾರು ಎಂಬ ಪ್ರಶ್ನೆ ಹೊತ್ತ ನಿರ್ದೇಶಕಿ ಅಯೋಧ್ಯೆ, ಮಾಳವ, ರಾಜಸ್ಥಾನ ಸುತ್ತಿ ಗಡಿಯಾಚೆಗೂ ಹೋಗುತ್ತಾರೆ. ಮಾಳವದಲ್ಲಿ ತಂಬೂರಿ ಹಿಡಿದ ಪ್ರಹ್ಲಾದ್ ಸಿಂಗ್ ಟಿಪಾನಿಯಾ, ರಾಜಸ್ಥಾನದಲ್ಲಿ ಮಿರಾಸಿ ಸಮುದಾಯದ ಗಾಯಕ ಮುಖ್ತಿಯಾರ್ ಅಲಿ, ಕರಾಚಿಯಲ್ಲಿ ಕವ್ವಾಲಿಯ ಫರೀದುದ್ದೀನ್ ಅಯಾಜ್ ಸಿಗುತ್ತಾರೆ. ಅಯಾಜ್ ಹಾಡನ್ನು ನಡುವೆ ನಿಲ್ಲಿಸಿ ಅರ್ಥ ಬಿಡಿಸುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಕ್ಯಾಮೆರಾ ಅವಸರಪಡುವುದಿಲ್ಲ. ಪ್ರಶ್ನೆ ಕೇಳಲು ಹೋದವರು ಅಲ್ಲಿ ಶಿಷ್ಯರಾಗಿ ಕೂರುತ್ತಾರೆ. ಚಿತ್ರದ ಜೀವ ಇರುವುದು ಇಲ್ಲಿ: ‘ನಾನು’ ಮಾತಾಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು.

ಕೊರತೆಯೂ ಇದೆ. ಹಾಡು ಆಗಲೇ ಹೇಳಿದ್ದನ್ನು ನಿರೂಪಣೆ ಮತ್ತೆ ಬಿಡಿಸಿ ಹೇಳುವ ಕಡೆ ಬಿಗಿ ಸಡಿಲವಾಗುತ್ತದೆ. ಹಾಡುವವರಲ್ಲಿ ಗಂಡಸರದೇ ಮೇಲುಗೈ. ಹೆಣ್ಣುದನಿಗಳಿಗೆ ಇನ್ನಷ್ಟು ಜಾಗ ಬೇಕಿತ್ತು.

ಈ ಚಿತ್ರ ನೋಡಿದಾಗ ಗದಗ ಸೀಮೆ ನೆನಪಾಗದೆ ಇರದು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಮಸೀದಿ ಒಂದೇ ಊರಿನಲ್ಲಿವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆ ವಿಜಾಪುರದ ಸೂಫಿ ಖ್ವಾಜಾ ಅಮೀನುದ್ದೀನರನ್ನು ಗುರುವೆಂದು ನೆನೆಯುತ್ತದೆ. ಗೋವಿಂದ ಭಟ್ಟರ ಶಿಷ್ಯ, ತತ್ವಪದಕಾರ ಷರೀಫರ (1819–1889) ಶಿಶುನಾಳವೂ ಇಲ್ಲಿಂದ ದೂರವಿಲ್ಲ. ಷರೀಫರ ಬದುಕನ್ನು ನಾಗಾಭರಣ 1990ರಲ್ಲೇ ಕಥಾಚಿತ್ರವಾಗಿಸಿದರು. ಈಗ ಬೇಕಾದ್ದು ಇನ್ನೊಂದು ಬಗೆಯ ಚಿತ್ರ. ಮಠ, ದರ್ಗಾ, ಜಾತ್ರೆಗಳ ವಿಡಿಯೊಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಹೊಗಳಿಕೆಯ ದನಿಯವು. ಭಾವೈಕ್ಯವನ್ನು ಕೊಂಡಾಡುವುದು ಸುಲಭ. ಅದು ಇವತ್ತು ನಮ್ಮ ಓಣಿಯಲ್ಲಿ, ನನ್ನೊಳಗೆ ಎಷ್ಟು ಉಳಿದಿದೆ ಎಂದು ಕೇಳಿಕೊಳ್ಳಲು ಧೈರ್ಯ ಬೇಕು. ವೀರ್ಮಾನಿ ತೋರಿದ್ದು ಆ ಧೈರ್ಯ.

ಗದಗ-ಬೆಟಗೇರಿ, ಮುಂಡರಗಿಯ ಕಾಲೇಜುಗಳು ಈ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಲಿ. ಆಮೇಲೆ ಅವರು ಮೊಬೈಲನ್ನೇ ಕ್ಯಾಮೆರಾ ಮಾಡಿಕೊಂಡು ಶಿರಹಟ್ಟಿಯ ಹಾದಿ ಹಿಡಿಯಲಿ; ತತ್ವಪದ ಹಾಡುವ ಹಿರಿಯರೆದುರು, ಹಾಡುವ ಹೆಣ್ಣುಮಕ್ಕಳೆದುರು ಪುರಸೊತ್ತಿನಿಂದ ಕೂರಲಿ. ನಮ್ಮ ಸೀಮೆಯ ಚಿತ್ರವನ್ನು ನಮ್ಮವರೇ ಮಾಡಬೇಕು.