ಐರೋಪ್ಯ ಚಲಚ್ಚಿತ್ರವೂ ಸಹೃದಯಧರ್ಮವೂ

ಐರೋಪ್ಯ ಚಲಚ್ಚಿತ್ರಗಳನ್ನು ಕುರಿತು ನಮ್ಮ ವಿದ್ವದ್ಗೋಷ್ಠಿಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುವುವು. ರಸವು ಸರ್ವಸಾಧಾರಣವಾದುದರಿಂದ ದೇಶಾಚಾರಗಳನ್ನು ಅರಿಯದೆಯೇ ಅವನ್ನು ಆಸ್ವಾದಿಸಬಹುದೆಂಬುದು ಒಂದು. ಅನ್ಯದೇಶೀಯರ ಬಾಳು ನಮಗೆ ಹೊರಗಿನದಾದುದರಿಂದ ಅವುಗಳ ಗೊಡವೆಯೇ ಬೇಡವೆಂಬುದು ಇನ್ನೊಂದು. ಈ ಎರಡು ಪಕ್ಷಗಳೂ ನಮ್ಮ ಅಲಂಕಾರಶಾಸ್ತ್ರಕ್ಕೆ ಸಮ್ಮತವಾದುವಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪಶ್ಚಿಮದ ನಾಟಕಗಳನ್ನು ಕನ್ನಡಿಗರು ಬರಮಾಡಿಕೊಂಡ ರೀತಿಯನ್ನು ಮೊದಲು ನೆನೆಯಬೇಕು. 19ನೆಯ ಶತಮಾನದ ಕೊನೆಯಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕಕ್ಕೆ ನಮ್ಮ ವೇಷವನ್ನು ತೊಡಿಸಿ ‘ಪ್ರತಾಪರುದ್ರದೇವ’ವನ್ನು ರಚಿಸಿದರು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರಾದರೋ, 1936ರಲ್ಲಿ ಅದೇ ನಾಟಕವನ್ನು ಅದರ ಹೆಸರಿನಿಂದಲೇ ಕನ್ನಡಕ್ಕೆ ತಂದರು. ಬಿ. ಎಂ. ಶ್ರೀಕಂಠಯ್ಯನವರಲ್ಲಿ ಈ ಎರಡು ಮಾರ್ಗಗಳೂ ಕಾಣುವುವು: ಸೋಫೋಕ್ಲೀಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು, ಈಸ್ಕಿಲಸನ ‘ಪಾರಸಿಕರು’ ಪಾರಸಿಕರಾಗಿಯೇ ಉಳಿದರು. ಮೊದಲನೆಯ ಮಾರ್ಗದಲ್ಲಿ ಕೃತಿಯು ನಮ್ಮ ಊರಿಗೆ ಬರುವುದು. ಎರಡನೆಯದರಲ್ಲಿ ವಾಚಕನು ಕೃತಿಯ ಊರಿಗೆ ಹೋಗುವನು.

ಚಲಚ್ಚಿತ್ರಕ್ಕೆ ಮೊದಲನೆಯ ಮಾರ್ಗವಿಲ್ಲ. ರೋಮ್ ನಗರದ ಬೀದಿಯನ್ನು ಕೋಲಾರದ ಬೀದಿಯನ್ನಾಗಿ ಮಾಡುವುದು ಅನುವಾದಕನಿಂದ ಆಗದು. ಪಾತ್ರಧಾರಿಯ ಮುಖ, ಉಡುಪು, ದೇವಾಲಯದ ಕಂಬ, ಊಟದ ಮೇಜು ಎಲ್ಲವೂ ಇದ್ದಂತೆಯೇ ಬರುವುವು. ಚಿತ್ರದ ಅಡಿಯಲ್ಲಿ ಮೂಡುವ ಅನುವಾದದ ಸಾಲು ಮಾತಿನ ಅರ್ಥವನ್ನು ತಿಳಿಸುವುದೇ ಹೊರತು ಆಚಾರದ ಅರ್ಥವನ್ನು ತಿಳಿಸದು. ಕನ್ನಡ ತೆಲುಗುಗಳೆರಡನ್ನೂ ಆಡಿ ಬೆಳೆಯುವ ಮುಳಬಾಗಿಲು, ಶ್ರೀನಿವಾಸಪುರಗಳ ಜನರಿಗೆ, ಮಾತು ತಿಳಿದ ಮಾತ್ರಕ್ಕೆ ನೆರೆಮನೆಯ ಪದ್ಧತಿ ತಿಳಿಯದೆಂಬುದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಅಭಿನವಗುಪ್ತಾಚಾರ್ಯರು ಹೇಳಿರುವ ಏಳು ರಸವಿಘ್ನಗಳಲ್ಲಿ ಎರಡು ವಿಶೇಷವಾಗಿ ಪರಿಶೀಲನಾರ್ಹವಾಗಿವೆ. ಇದು ನನ್ನದು, ಇದು ಪರರದು ಎಂಬ ನಿಯಮದಿಂದ ದೇಶಕಾಲವಿಶೇಷಗಳಲ್ಲಿ ಸಿಲುಕಿಕೊಳ್ಳುವುದು ಒಂದು ವಿಘ್ನ. ‘ಅನ್ಯರ ಬಾಳು ನಮಗೇಕೆ’ ಎನ್ನುವವರ ಪಕ್ಷವು ಇದರಿಂದಲೇ ಖಂಡಿತವಾಗುವುದು. ಪ್ರತೀತ್ಯುಪಾಯವೈಕಲ್ಯ, ಎಂದರೆ ಅರಿಯುವ ಸಾಧನಗಳ ಕೊರತೆ, ಮತ್ತೊಂದು. ‘ಏನನ್ನೂ ಅರಿಯಬೇಕಾಗಿಲ್ಲ’ ಎನ್ನುವವರ ಪಕ್ಷಕ್ಕೆ ಇದು ಉತ್ತರ. ಸಾಧಾರಣೀಕರಣಕ್ಕೆ ವಿಭಾವಾದಿಗಳೇ ದ್ವಾರ. ವಿಭಾವವು ವಿಭಾವವೆಂದೇ ತೋರದಿದ್ದರೆ ರಸವು ಎಲ್ಲಿಂದ ಬರಬೇಕು?

ಉದಾಹರಣೆಗೆ, ವಿತ್ತೋರಿಯೋ ದೆ ಸೀಕನ 1948ರ ‘ಬೈಸಿಕಲ್ ಕಳ್ಳರು’ ಎಂಬ ಇಟಲಿಯ ಚಿತ್ರವನ್ನು ನೋಡೋಣ. ಗೋಡೆಗೆ ಭಿತ್ತಿಪತ್ರಗಳನ್ನು ಅಂಟಿಸುವ ಕೆಲಸವು ಅಂತೋನಿಯೋಗೆ ದೊರೆಯುತ್ತದೆ, ಅದಕ್ಕೆ ಬೈಸಿಕಲ್ ಬೇಕು, ಅದು ಒತ್ತೆಯಲ್ಲಿದೆ. ಹೆಂಡತಿ ಮರಿಯಾ ಹಾಸಿಗೆಯ ವಸ್ತ್ರಗಳನ್ನು ಒತ್ತೆಯಿಟ್ಟು ಅದನ್ನು ಬಿಡಿಸುವಳು. ನಮ್ಮ ಪ್ರೇಕ್ಷಕನು ಇದನ್ನು ಹಳೆಯ ಬಟ್ಟೆಯ ಮಾತೆಂದು ಕಡೆಗಣಿಸಬಹುದು. ಆದರೆ ಅವು ಮದುವೆಯಲ್ಲಿ ಅವಳೊಡನೆ ಬಂದವು. ಆ ನಾಡಿನ ಬಡ ಗೃಹಿಣಿಗೆ ಅವು ಸ್ತ್ರೀಧನವೂ ಹೌದು, ಮಾನವೂ ಹೌದು. ಒತ್ತೆಯ ಮಳಿಗೆಯಲ್ಲಿ ಅಂಥ ಗಂಟುಗಳು ಸೂರಿನವರೆಗೆ ಒಟ್ಟಿರುವುದನ್ನು ಕಂಡಾಗ, ಯುದ್ಧಾನಂತರದ ಒಂದು ನಗರದ ದೈನ್ಯವೇ ಮಾತಿಲ್ಲದೆ ವ್ಯಂಜಿತವಾಗುತ್ತದೆ. ಬೈಸಿಕಲ್ ಕಳುವಾಗುವುದು, ಕೊನೆಗೆ ತಾನೂ ಕದಿಯಲು ಹೋಗಿ ಸಿಕ್ಕಿಬಿದ್ದ ತಂದೆಯನ್ನು, ಅಳುವ ಮಗ ಬ್ರೂನೋನ ಮುಖ ನೋಡಿ ಬೈಸಿಕಲ್ಲಿನ ಒಡೆಯನು ಬಿಟ್ಟುಬಿಡುವನು. ತಂದೆಮಕ್ಕಳು ಜನಸಂದಣಿಯಲ್ಲಿ ನಡೆದುಹೋಗುವರು. ಇದರಲ್ಲಿ ಫಲಾಗಮವೆಲ್ಲಿ ಎಂದು ಕೇಳಬಹುದು. ಕೆಲಸವಿಲ್ಲದವರು ಸಾವಿರಗಟ್ಟಲೆಯಿದ್ದ ನಗರದಲ್ಲಿ ಒಬ್ಬನಿಗೆ ಮಾತ್ರ ಬೈಸಿಕಲ್ಲನ್ನು ದೊರಕಿಸಿಕೊಟ್ಟಿದ್ದರೆ ಕಥೆ ಮುಗಿಯುತ್ತಿತ್ತು, ಔಚಿತ್ಯವು ಕೆಡುತ್ತಿತ್ತು.

ಹೊರನೋಟದ ಸಾದೃಶ್ಯದಿಂದಲೂ ಅಪಾಯವುಂಟು. ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ನನ ‘ಏಳನೆಯ ಮುದ್ರೆ’ (1957) ಎಂಬ ಚಿತ್ರದಲ್ಲಿ, ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬನು ಮಹಾಮಾರಿ ಹರಡಿದ ನಾಡಿನಲ್ಲಿ ಮೃತ್ಯುವಿನೊಡನೆ ಚದುರಂಗವಾಡುವನು. ಕಠೋಪನಿಷತ್ತನ್ನು ಓದಿದವರಿಗೆ ನಚಿಕೇತನ ನೆನಪು ಬಾರದಿರದು. ಆದರೆ ನಮ್ಮ ಯಮನು ಆಚಾರ್ಯ. ಕೇಳಿದವನಿಗೆ ಉತ್ತರ ಕೊಡುವನು. ಆ ಚಿತ್ರದ ಮೃತ್ಯುವು ತನ್ನಲ್ಲಿ ರಹಸ್ಯವೇನೂ ಇಲ್ಲವೆನ್ನುವನು. ಬರ್ಗ್‌ಮನ್ನನು ಲೂಥರನ ಪಂಥದ ಪಾದ್ರಿಯೊಬ್ಬನ ಮಗ. ಚದುರಂಗವಾಡುವ ಮೃತ್ಯುವಿನ ಚಿತ್ರವು ಸ್ವೀಡನ್ನಿನ ಟೆಬಿ ಎಂಬಲ್ಲಿಯ ಹಳೆಯ ಇಗರ್ಜಿಯಲ್ಲಿದೆ. ಹೆಸರಾದರೋ ಕ್ರೈಸ್ತರ ಶ್ರುತಿಯ ಕಡೆಯ ಗ್ರಂಥದಿಂದ ಬಂದುದು. ಒಂದೇ ಜನ್ಮ, ಬಳಿಕ ಕಡೆಯ ತೀರ್ಪು ಎಂದು ನಂಬಿದವನಿಗೆ ದೇವರ ಮೌನವು ಎಷ್ಟು ದಾರುಣವೆಂಬುದನ್ನು ಪುನರ್ಜನ್ಮವಾದಿಗಳಾದ ನಾವು ಪ್ರಯತ್ನಪೂರ್ವಕವಾಗಿ ಊಹಿಸಬೇಕು. ನಚಿಕೇತನನ್ನು ಹೋಲಿಕೆಗೆ ಕರೆಯಬಹುದು. ಆದರೆ ಆ ಯೋಧನ ಮಾತನ್ನು ಕೇಳಿ ಮುಗಿಸಿದ ಮೇಲೆ.

ಹೀಗಾದರೆ ದೋಷವೆಲ್ಲವನ್ನೂ ದೇಶಾಚಾರವೆಂದು ಮನ್ನಿಸಬೇಕಾಗುವುದಲ್ಲವೆ ಎಂದರೆ, ಹಾಗಲ್ಲ. ಅರ್ಥಗ್ರಹಣವು ಮೊದಲು, ಗುಣದೋಷವಿವೇಚನೆಯು ಅನಂತರ ಎಂಬಷ್ಟೇ ಇಲ್ಲಿಯ ಪ್ರತಿಜ್ಞೆ. ಅರ್ಥವಾದ ಮೇಲೂ ನೀರಸವಾಗಿ ಉಳಿಯುವ ಚಿತ್ರವನ್ನು ನೀರಸವೆನ್ನಲು ಅಳುಕಬೇಕಾಗಿಲ್ಲ.

ಈ ನ್ಯಾಯವು ನಮಗೂ ಬೇಕಾದುದು. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ರೋಮಿನ ಪ್ರೇಕ್ಷಕನೊಬ್ಬನು ನೋಡುವನೆನ್ನೋಣ. ಬದುಕಿರುವ ಮಗಳಿಗೆ ತಂದೆಯು ಶ್ರಾದ್ಧ ಮಾಡುವುದರ ಅರ್ಥವನ್ನು ಅರಿಯದೆ, ಮಡಕೆ ಒಡೆಯುವುದನ್ನು ವಿಚಿತ್ರಾಚಾರವೆಂದು ಮಾತ್ರ ಅವನು ಕಂಡರೆ ನಮಗೆ ಎಷ್ಟು ಖೇದವಾಗುವುದೋ, ಮರಿಯಾಳ ವಸ್ತ್ರಗಳನ್ನು ನಾವು ಕಡೆಗಣಿಸುವುದೂ ಅಷ್ಟೇ ಖೇದಕರ.

ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿ, ಜಗತ್ತಿನ ಉತ್ತಮ ಚಿತ್ರಗಳು ಹಳ್ಳಿಯವರಿಗೂ ಸಲ್ಲುವುವೆಂಬುದನ್ನು ತೋರಿಸಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸಾಹಿತ್ಯೋಪಾಧ್ಯಾಯರೂ ಈ ಕಾರ್ಯಕ್ಕೆ ಅಸಮರ್ಥರಲ್ಲ. ‘ಶಾಕುಂತಲ’ವನ್ನು ಪಾಠ ಹೇಳುವಾಗ ಆಶ್ರಮಧರ್ಮವನ್ನೂ ಗಾಂಧರ್ವವಿವಾಹವನ್ನೂ ಮೊದಲು ವಿವರಿಸುವವರು ಅವರೇ ಅಲ್ಲವೆ? ಐರೋಪ್ಯ ಚಿತ್ರವನ್ನು ತೋರಿಸುವ ಮುನ್ನ ಕಾಲುಗಂಟೆಯ ಹೊತ್ತು ಅದರ ದೇಶ, ಕಾಲ, ಮತಾಚಾರಗಳನ್ನು ತಿಳಿಸಿ, ಬಳಿಕ ದೀಪವನ್ನು ಆರಿಸಲಿ. ಮಿಕ್ಕುದನ್ನು ಚಿತ್ರವೂ ವಿದ್ಯಾರ್ಥಿಗಳ ಹೃದಯವೂ ನೋಡಿಕೊಳ್ಳುವುವು.