ಕೂರಲು ಜಾಗವಿಲ್ಲದ ಬೀದಿ

ಕಳೆದ ಬೇಸಿಗೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ವಿಜಯಪುರದ ಇಬ್ರಾಹಿಂಪುರದಿಂದ ಹೋಗಿ ಅಲ್ಲಿ ನೆಲೆಸಿರುವ ಒಂದು ಕುಟುಂಬದ ಅತಿಥಿಯಾಗಿದ್ದೆ. ಸಂಜೆ ಅವರು ನನ್ನನ್ನೂ ಊರಿನಿಂದ ಬಂದಿದ್ದ ಅಜ್ಜಿಯನ್ನೂ ನಗರದ ಹೊರವಲಯದ ಒಂದು ವ್ಯಾಪಾರ ಸಂಕೀರ್ಣಕ್ಕೆ ಕರೆದೊಯ್ದರು. ನಾವು ಕಂಡು ಬಲ್ಲ ಮುಚ್ಚಿದ ಮಾಲ್‌ಗಳಂತೆ ಅದು ಇರಲಿಲ್ಲ. ಮೇಲೆ ತೆರೆದ ಆಕಾಶ, ಕೆಳಗೆ ಕಲ್ಲು ಹಾಸಿದ ಓಣಿ, ಇಕ್ಕೆಲಗಳಲ್ಲಿ ಗಾಜಿನ ಮಳಿಗೆಗಳು, ನಡುವೆ ಕಾರಂಜಿ, ಕುಂಡದಲ್ಲಿ ಬೆಳೆಸಿದ ಮರಗಳು, ಹಳೆಯ ಕಾಲದ ಕಂದೀಲಿನಂತೆ ಕಾಣುವ ವಿದ್ಯುದ್ದೀಪಗಳು. ಯುರೋಪಿನ ಯಾವುದೋ ಪುಟ್ಟ ಪಟ್ಟಣದ ಬೀದಿಯನ್ನು ಎತ್ತಿ ತಂದು ಇಟ್ಟಂತಿತ್ತು. ಮಕ್ಕಳು ನಲಿದರು. ನನಗೂ ಹಿತವೆನಿಸಿತು. ಅರ್ಧ ಗಂಟೆ ನಡೆದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದರು: “ಫಾದರ್, ಇಲ್ಲಿ ಸುಮ್ನ ಕುಂದ್ರಾಕ ಎಲ್ಲೂ ಜಾಗಾ ಇಲ್ಲೇನ್ರೀ?” ಸುತ್ತ ನೋಡಿದೆ. ಕುರ್ಚಿಗಳು ಸಾಕಷ್ಟಿದ್ದವು, ಎಲ್ಲವೂ ಯಾವುದಾದರೊಂದು ಹೋಟೆಲಿನವು. ಕೊನೆಗೆ ಒಂದು ಕಾಫಿ ಕೊಂಡು ಅಜ್ಜಿಯನ್ನು ಕೂರಿಸಿದೆವು. ಆ ಪ್ರಶ್ನೆ ಮಾತ್ರ ನನ್ನೊಂದಿಗೆ ವಿಜಯಪುರದವರೆಗೂ ಬಂದಿತು.

ಇಂತಹ ಸ್ಥಳಗಳನ್ನು ಒಂದೇ ಮಾತಿನಲ್ಲಿ ಹಳಿಯುವುದು ಸುಲಭ. ಧರ್ಮಗುರುಗಳಾದ ನಮಗೆ ಇನ್ನೂ ಸುಲಭ. ಆದರೆ ಜನರು ಅಲ್ಲಿಗೆ ಹೋಗುವುದು ಕೇವಲ ಕೊಳ್ಳುವ ಚಟದಿಂದ ಎಂದರೆ ನ್ಯಾಯವಾಗದು. ಅಂದು ಅಲ್ಲಿದ್ದ ಅನೇಕರ ಕೈಯಲ್ಲಿ ಚೀಲವೇ ಇರಲಿಲ್ಲ. ಅವರು ನಡೆಯಲು ಬಂದಿದ್ದರು. ವಾಹನದ ಭಯವಿಲ್ಲದೆ ಮಗುವಿನ ಕೈ ಬಿಡಬಹುದು. ರಾತ್ರಿ ಒಂಬತ್ತಾದರೂ ಹೆಣ್ಣುಮಕ್ಕಳು ಅಂಜದೆ ಓಡಾಡಬಹುದು. ಶೌಚಾಲಯ ಶುಚಿಯಾಗಿದೆ. ಗಾಲಿಕುರ್ಚಿಯಲ್ಲಿ ಕುಳಿತವರಿಗೂ ದಾರಿ ಇದೆ. ಇವು ಯಾವುವೂ ವಿಲಾಸದ ವಸ್ತುಗಳಲ್ಲ. ಪ್ರತಿಯೊಂದು ಊರಿನ ಬೀದಿ ತನ್ನ ಜನರಿಗೆ ತೋರಬೇಕಾದ ಮರ್ಯಾದೆ. ಊರು ಕೊಡದೆ ಹೋದುದನ್ನು ವ್ಯಾಪಾರಿ ಕೊಡುತ್ತಿದ್ದಾನೆ. ಆಕರ್ಷಣೆಯ ಗುಟ್ಟು ಇದೇ.

ಈ ಗುಟ್ಟನ್ನು ವ್ಯಾಪಾರಲೋಕ ಬಹಳ ಹಿಂದೆಯೇ ಅರಿತಿತ್ತು. 1923ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆರಂಭವಾದ ಕಂಟ್ರಿ ಕ್ಲಬ್ ಪ್ಲಾಜಾ ಎಂಬ ಬಯಲು ಮಾರುಕಟ್ಟೆ ಸ್ಪೇನಿನ ಸೆವಿಲ್ ನಗರದ ಕಟ್ಟಡಗಳನ್ನು ಅನುಕರಿಸಿತು. ಮುಂದೆ ಸೆವಿಲ್ ಪ್ರಧಾನಾಲಯದ ಗಂಟೆಗೋಪುರದ ಕಿರುಪ್ರತಿಯೂ ಅಲ್ಲಿ ತಲೆಯೆತ್ತಿತು. ಗೋಪುರ ಬಂದಿತು, ಅದರ ಬುಡದಲ್ಲಿನ ದೇವಾಲಯ ಬರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ, 1938ರಲ್ಲಿ ನಾಜಿಗಳಿಂದ ಪಾರಾಗಿ ಅಮೆರಿಕ ಸೇರಿದ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ 1956ರಲ್ಲಿ ಸೌತ್‌ಡೇಲ್ ಎಂಬ ಮಾಲನ್ನು ಕಟ್ಟಿದರು. ಮನೆ, ಶಾಲೆ, ಉದ್ಯಾನಗಳ ನಡುವೆ ಜನ ಕಾಲ್ನಡಿಗೆಯಲ್ಲಿ ಕೂಡುವ ತಾಣ ಅವರ ಕನಸು. ಲೋಕ ಅನುಕರಿಸಿದ್ದು ಅಂಗಡಿಗಳನ್ನೂ ಕಾರು ನಿಲ್ಲಿಸುವ ಬಯಲನ್ನೂ ಮಾತ್ರ. ಮುಪ್ಪಿನಲ್ಲಿ ಗ್ರೂಯೆನ್ ಆ ಕೂಸು ತಮ್ಮದಲ್ಲವೆಂದು ಬಹಿರಂಗವಾಗಿಯೇ ನಿರಾಕರಿಸಿದರು.

ನಮ್ಮ ನಾಡಿಗೂ ಈ ಅಲೆ ತಲುಪಿದೆ. ಬೆಂಗಳೂರಿನ ವಿಠಲ ಮಲ್ಯ ರಸ್ತೆಯಲ್ಲಿ 2008ರಲ್ಲಿ ತೆರೆದ ಯುಬಿ ಸಿಟಿಯಲ್ಲಿ ವಿದೇಶಿ ಐಷಾರಾಮಿ ಮಳಿಗೆಗಳ ಜೊತೆಗೆ ಬಯಲು ರಂಗಮಂದಿರ, ಅದರ ಸುತ್ತ ಹೋಟೆಲುಗಳಿವೆ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನವಿದೆ. ಅಲ್ಲಿನ ಮರಗಳು ಕುಂಡದವಲ್ಲ. ಅವುಗಳ ನೆರಳಿಗೆ ಬೆಲೆಯೂ ಇಲ್ಲ.

ಹಾಗಾದರೆ ಕೃತಕತೆ ಇರುವುದೆಲ್ಲಿ? ಕಂದೀಲಿನಂತಹ ದೀಪದಲ್ಲಿ ದೋಷವಿಲ್ಲ. ಅಲಂಕಾರ ಎಲ್ಲ ಕಾಲದಲ್ಲೂ ಇದ್ದದ್ದೇ. ಆ ಬೀದಿಯಲ್ಲಿ ಯಾರು ಕಾಣುವುದಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಚಪ್ಪಲಿ ಹೊಲಿಯುವವನಿಲ್ಲ, ಕೈ ಚಾಚುವ ಮುದುಕನಿಲ್ಲ, ಶವಯಾತ್ರೆ ಸಾಗುವುದಿಲ್ಲ. ಮನುಷ್ಯನ ಬಾಳಿನ ಅರ್ಧಭಾಗವನ್ನು ಗೇಟಿನಲ್ಲೇ ನಿಲ್ಲಿಸಿ, ಉಳಿದರ್ಧವನ್ನು ಹಬ್ಬದಂತೆ ತೋರಿಸುವ ಬೀದಿ ಅದು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನೊಂದಿಗೆ ಚಲನಚಿತ್ರ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರನ್ನು ಪಂಚೆ ಉಟ್ಟಿದ್ದರೆಂದು ತಡೆದದ್ದು ನೆನಪಿರಬಹುದು. ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಅದು ಛಾವಣಿಯ ಮಾಲ್. ಆದರೆ ಆಕಾಶ ತೆರೆದಿದ್ದ ಮಾತ್ರಕ್ಕೆ ಬಾಗಿಲೂ ತೆರೆದಿರುತ್ತದೆ ಎನ್ನಲಾಗದು. ಖಾಸಗಿ ಬೀದಿಯಲ್ಲಿ ನಾವು ನಡೆಯುವುದು ಇನ್ನೊಬ್ಬರ ಅಂಗಳದಲ್ಲಿ.

ನಮ್ಮ ಊರಿಗೆ ಇದು ಹೊಸ ಪಾಠವಲ್ಲ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಂದ ಅಸದ್ ಬೇಗ್ ಅಂದಿನ ವಿಜಾಪುರದ ಪೇಟೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಸುಮಾರು 30 ಗಜ ಅಗಲ, 2 ಕೋಸು ಉದ್ದದ ಬೀದಿ, ಪ್ರತಿ ಅಂಗಡಿಯ ಮುಂದೊಂದು ಹಸಿರು ಮರ, ಎಲ್ಲೆಲ್ಲೂ ಶುಚಿ. ಅಲ್ಲಿ ರತ್ನದ ವ್ಯಾಪಾರಿಯೂ ಇದ್ದ, ರೊಟ್ಟಿ ಸುಡುವವನೂ ಇದ್ದ. ಅದೇ ಕಾಲದಲ್ಲಿ, 1599ರಿಂದ, ಎರಡನೆಯ ಇಬ್ರಾಹಿಂ ಆದಿಲಶಾಹ ತೊರವಿಯ ಬಳಿ ನವರಸಪುರವೆಂಬ ಚೆಲುವಾದ ಹೊಸ ನಗರವನ್ನು ಕಟ್ಟಿಸತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು; ಮತ್ತೆ ಏಳಲಿಲ್ಲ. ಇಂದು ಅಲ್ಲಿ ಸಂಗೀತ ಮಹಲಿನಂತಹ ಅವಶೇಷಗಳು ಉಳಿದಿವೆ. ವಿಜಾಪುರವೂ 1686ರಲ್ಲಿ ಔರಂಗಜೇಬನ ವಶವಾಯಿತು. ಆದರೂ ಇಲ್ಲಿನ ಪೇಟೆ ಬದುಕಿತು. ದೊರೆಯ ಅಪ್ಪಣೆಯಿಂದ ಬಂದ ನಗರ ದೊರೆಯ ಬಲದೊಂದಿಗೆ ಹೋಯಿತು. ಜನರ ಅಗತ್ಯದಿಂದ ಬೆಳೆದ ಪೇಟೆ ಉಳಿಯಿತು ಎಂದೇ ನನಗೆ ತೋರುತ್ತದೆ.

ಆದರೆ ಉಳಿದ ಪೇಟೆಯನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ? ಊರಿಗೆ ಮರಳಿದ ಮೇಲೆ ಒಂದು ಸಂಜೆ ಗಾಂಧಿ ಚೌಕದಿಂದ ಶಾಸ್ತ್ರಿ ಮಾರುಕಟ್ಟೆಯತ್ತ ನಡೆದೆ. ಪರಿಚಿತ ಮುಖಗಳು, ಚೌಕಾಸಿಯ ನಗೆಮಾತು, ‘ಮುಂದಿನ ವಾರ ಕೊಡ್ರಿ’ ಎಂದು ಉದ್ರಿ ಬರೆದುಕೊಳ್ಳುವ ವಿಶ್ವಾಸ, ಎಲ್ಲವೂ ಇದ್ದವು. ಮೋಟಾರು ಬೈಕುಗಳ ನಡುವೆ ಕಾಲಿಡಲು ಮಾತ್ರ ಜಾಗವಿರಲಿಲ್ಲ. ಅಜ್ಜಿಯನ್ನು ಇಲ್ಲಿಗೆ ಕರೆತಂದಿದ್ದರೆ ಇಲ್ಲಿಯೂ ಅದೇ ಪ್ರಶ್ನೆ ಕೇಳುತ್ತಿದ್ದರಲ್ಲವೇ? ವ್ಯತ್ಯಾಸವಿಷ್ಟೇ: ಅಲ್ಲಿನ ಬೀದಿಗೆ ಒಡೆಯನಿದ್ದಾನೆ, ಅವನನ್ನು ನಾವು ಕೇಳಲಾರೆವು. ಇಲ್ಲಿನ ಬೀದಿಗೆ ಒಡೆಯರು ನಾವೇ. ಆದರೆ ನಾವು ಕೇಳುತ್ತಿಲ್ಲ.

ಪ್ರಿಯ ಕುಟುಂಬಗಳೇ, ರಜೆಯಲ್ಲಿ ಮಕ್ಕಳೊಂದಿಗೆ ಅಂತಹ ಸ್ಥಳಗಳಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಹೋಗಿ, ನೋಡಿ, ಅಲ್ಲಿ ಹಿತವೆನಿಸಿದ್ದನ್ನು ಗುರುತಿಸಿಕೊಳ್ಳಿ. ಮರಳಿ ಬಂದು ಅದನ್ನೇ ನಮ್ಮ ಪಾಲಿಕೆಯ ಸದಸ್ಯರಲ್ಲಿ ಕೇಳಿ: ಪೇಟೆಯಲ್ಲಿ ನಾಲ್ಕು ಕಲ್ಲುಬೆಂಚು, ಹೆಣ್ಣುಮಕ್ಕಳಿಗೊಂದು ಶುಚಿಯಾದ ಶೌಚಾಲಯ, ಸಂಜೆ ಎರಡು ಗಂಟೆ ವಾಹನವಿಲ್ಲದ ಒಂದು ಓಣಿ. ಅಸದ್ ಬೇಗ್ ಕಂಡ ಮರಗಳನ್ನು ಮತ್ತೆ ನೆಡಲು ದೊರೆಯೇ ಬರಬೇಕೆಂದಿಲ್ಲ. ಅಜ್ಜಿ ಮುಂದಿನ ಸಲ ಪೇಟೆಗೆ ಬಂದಾಗ, ಏನನ್ನೂ ಕೊಳ್ಳದೆ ಅರ್ಧ ಗಳಿಗೆ ಕುಳಿತು, ಹೋಗುವ ಬರುವ ಮಂದಿಯನ್ನು ಮಾತನಾಡಿಸುವಂತಾದರೆ ಸಾಕು.