ಕೆಟಲು ವಾಲಿದೆಯೋ, ದೋಣಿ ವಾಲಿದೆಯೋ

ಹಾಯಿದೋಣಿಯ ಛಾಯಾಚಿತ್ರ ಎಂದರೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಗೋಡೆಯ ಕ್ಯಾಲೆಂಡರ್ ಕಲಿಸಿದ ಚಿತ್ರ: ನೀಲಿ ನೀರು, ತುಂಬಿ ನಿಂತ ಬಿಳಿ ಹಾಯಿ, ಹಿಂದೆ ಮುಳುಗುವ ಸೂರ್ಯ. ಅದು ದಡದಲ್ಲೋ ಇನ್ನೊಂದು ದೋಣಿಯಲ್ಲೋ ನಿಂತು ತೆಗೆದದ್ದು. ಅದರಲ್ಲಿ ದೋಣಿಯ ಆಕಾರವಿದೆ, ಬದುಕಿಲ್ಲ. ಈ ಪ್ರಕಾರವನ್ನು ಸವಿಯಲು ಹೊಸದಾಗಿ ಹೊರಟವರು ಅಲ್ಲಿಂದ ಆರಂಭಿಸಿದರೆ ತಪ್ಪೇನಿಲ್ಲ, ಆದರೆ ಅಲ್ಲೇ ನಿಲ್ಲಬಾರದು. ದೋಣಿಯೊಳಗೆ ಬದುಕುವವರು ತೆಗೆದ, ಅಡುಗೆ, ನಿದ್ದೆ, ಹೊಲಿಗೆ, ನೆಲ ತಿಕ್ಕುವುದು ಇಂಥ ಸಾಧಾರಣ ಕೆಲಸಗಳ ಚಿತ್ರಗಳಲ್ಲಿ ಸಮುದ್ರ ಹೆಚ್ಚು ನಿಜವಾಗಿ ಇರುತ್ತದೆ ಎಂಬುದು ನನ್ನ ವಾದ. ದಡದ ಮನೆಯಲ್ಲಿ ಒಂದು ಲೋಟ ಚಹಾ ಬರಿಯ ಚಹಾ. ಗಾಳಿಗೆ ಓರೆಯಾಗಿ ಓಡುವ ದೋಣಿಯಲ್ಲಿ ಅದೇ ಲೋಟವನ್ನು ಚೆಲ್ಲದೆ ಹಿಡಿದವನ ಮಣಿಕಟ್ಟು, ಅವನು ಗೋಡೆಗೆ ಒತ್ತಿಕೊಂಡ ಮೊಣಕಾಲು, ಲೋಟದೊಳಗೆ ಅಂಚಿಗೆ ಏರಿದ ಚಹಾ ಎಲ್ಲವೂ ಗಾಳಿಯ ವಿಷಯವನ್ನೇ ಹೇಳುತ್ತಿರುತ್ತವೆ.

ಗಾಳಿಯನ್ನು ಯಾವ ಕ್ಯಾಮೆರಾವೂ ಹಿಡಿಯಲಾರದು. ಹಾಯಿದೋಣಿಯ ಛಾಯಾಗ್ರಹಣಕ್ಕೆ ಇರುವ ಮೂಲ ತೊಡಕು ಇದು, ಅದರ ಸೊಗಸು ಹುಟ್ಟುವುದೂ ಇಲ್ಲಿಂದಲೇ. ನಮ್ಮ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹೊಂದುವ ಮಾತು ಸಿದ್ಧವಾಗಿದೆ. ಭಾವ ಒಳಗಿರುತ್ತದೆ, ಕಣ್ಣೀರು, ಬೆವರು, ನಡುಕದಂಥ ಅನುಭಾವಗಳಿಂದ ಅದನ್ನು ತಿಳಿಯುತ್ತೇವೆ. ಹಾಗೆಯೇ ಗಾಳಿಯೂ ತನ್ನ ಅನುಭಾವಗಳಿಂದ ಮಾತ್ರ ಚಿತ್ರಕ್ಕೆ ಬರುತ್ತದೆ. ಬಿಗಿದ ಹಗ್ಗ, ಒಂದೇ ಕಡೆಗೆ ಜರುಗಿದ ಪಾತ್ರೆಗಳು, ಮಲಗಿದವನು ಉರುಳದಂತೆ ಮಂಚದ ಅಂಚಿಗೆ ಕಟ್ಟಿದ ಬಟ್ಟೆ, ಇವೇ ಆ ಗುರುತುಗಳು. ಹೊರಗಿನಿಂದ ತೆಗೆದ ಚಿತ್ರಕ್ಕೆ ಉಬ್ಬಿದ ಹಾಯಿ ಎಂಬ ಒಂದೇ ದೊಡ್ಡ ಅನುಭಾವ ಸಿಗುತ್ತದೆ. ಒಳಗಿನ ಚಿತ್ರಕ್ಕೆ ನೂರು ಸಣ್ಣವು ಸಿಗುತ್ತವೆ. ಆದ್ದರಿಂದ ಚಿತ್ರ ಕೈಗೆ ಬಂದಾಗ ‘ಚೆನ್ನಾಗಿದೆಯೆ’ ಎಂದು ಕೇಳುವ ಮುನ್ನ ‘ಗಾಳಿ ಯಾವ ಕಡೆಯಿಂದ ಬೀಸುತ್ತಿದೆ’ ಎಂದು ಕೇಳಿಕೊಳ್ಳಬೇಕು. ಉತ್ತರ ಸಿಕ್ಕಿತೆಂದರೆ ಚಿತ್ರ ಬಾಯಿಬಿಡತೊಡಗಿತು ಎಂದೇ ಅರ್ಥ.

ಎರಡನೆಯ ಪ್ರಶ್ನೆ ವಾಲಿಕೆಯದು. ಈ ಪ್ರಕಾರದ ವ್ಯಾಕರಣವೆಲ್ಲ ಅದರಲ್ಲಿದೆ ಎಂದರೂ ನಡೆದೀತು. ಹಾಯಿದೋಣಿಯ ಒಲೆಯನ್ನು ಸಾಮಾನ್ಯವಾಗಿ ಎರಡು ಬದಿಯ ತಿರುಗಣಿಗಳ ಮೇಲೆ ತೂಗುಬಿಟ್ಟಿರುತ್ತಾರೆ. ದೋಣಿ ಓರೆಯಾದರೂ ಒಲೆ ತನ್ನ ಭಾರದಿಂದಲೇ ಸಮವಾಗಿ ನಿಲ್ಲುತ್ತದೆ, ಅದರ ಮೇಲಿನ ಕೆಟಲು ಚೆಲ್ಲುವುದಿಲ್ಲ. ಈಗ ಕ್ಯಾಬಿನ್ನಿನೊಳಗೆ ಬೆನ್ನು ಒರಗಿಸಿ, ದೋಣಿಯ ಜೊತೆಗೇ ವಾಲಿ ನಿಂತ ಛಾಯಾಗ್ರಾಹಕ ಕ್ಯಾಮೆರಾ ಎತ್ತಿದರೆ ಏನಾಗುತ್ತದೆ ನೋಡಿ: ಗೋಡೆಗಳು ನೆಟ್ಟಗಿರುತ್ತವೆ, ಮೇಜು ನೆಟ್ಟಗಿರುತ್ತದೆ, ಒಲೆ ಮತ್ತು ಕೆಟಲು ಮಾತ್ರ ಯಾರೋ ತಳ್ಳಿದಂತೆ ಓರೆಯಾಗಿ ಕಾಣುತ್ತವೆ. ಅವನೇ ಕ್ಯಾಮೆರಾವನ್ನು ದಿಗಂತಕ್ಕೆ ಸರಿಯಾಗಿ ಹಿಡಿದರೆ ಕೆಟಲು ನೆಟ್ಟಗಾಗುತ್ತದೆ, ಮನೆಯೇ ವಾಲುತ್ತದೆ. ಎರಡೂ ನಿಜವೇ. ಮೊದಲನೆಯದು ದೋಣಿಯಲ್ಲಿ ಬದುಕುವವನ ನಿಜ. ವಾರಗಟ್ಟಲೆ ಅಲ್ಲಿದ್ದವನಿಗೆ ಕ್ಯಾಬಿನ್ನೇ ಭೂಮಿ. ಎರಡನೆಯದು ಭೂಮಿಯ ಲೆಕ್ಕವನ್ನು ಜೊತೆಗೆ ಹೊತ್ತು ತಂದವನ ನಿಜ. ಓರೆಯಾದ ದಿಗಂತವನ್ನು ತಪ್ಪೆಂದು ತಿದ್ದುವ ಅಭ್ಯಾಸ ಫೋಟೊ ಕಲಿಯುವವರಲ್ಲೆಲ್ಲ ಇದೆ. ಈ ಪ್ರಕಾರದಲ್ಲಿ ಆ ಅಭ್ಯಾಸವನ್ನು ಬದಿಗಿಡಬೇಕು. ಯಾವುದು ನೆಟ್ಟಗಿದೆ ಎಂಬುದರಲ್ಲೇ ತೆಗೆದವರು ಎಲ್ಲಿ ನಿಂತಿದ್ದರು, ಯಾವುದನ್ನು ನಂಬಿದ್ದರು ಎಂಬುದು ಅಡಗಿರುತ್ತದೆ.

ಇಷ್ಟು ತಿಳಿದು ಫ್ರಾಂಕ್ ಹರ್ಲಿಯ ಚಿತ್ರಗಳಿಗೆ ಬರೋಣ. ಅವನು ಛಾಯಾಗ್ರಾಹಕನಾಗಿ ಹೋದ, ಶ್ಯಾಕಲ್‌ಟನ್ನನ ಅಂಟಾರ್ಕ್ಟಿಕ್ ಯಾತ್ರೆಯ ‘ಎಂಡ್ಯೂರೆನ್ಸ್’ ಮೂರು ಕೂವೆಮರಗಳ ಹಡಗು. ಹಾಯಿಯ ಜೊತೆಗೆ ಉಗಿ ಎಂಜಿನ್ನೂ ಇತ್ತು. 1915ರಲ್ಲಿ ಅದು ವೆಡೆಲ್ ಸಮುದ್ರದ ಹಿಮಗಡ್ಡೆಯಲ್ಲಿ ಸಿಕ್ಕಿಕೊಂಡಿತು. ಆ ವರ್ಷದ ಆಗಸ್ಟಿನ ಕತ್ತಲೆಯಲ್ಲಿ ಹರ್ಲಿ ಸುಮಾರು ಇಪ್ಪತ್ತು ಫ್ಲ್ಯಾಶ್‌ಗಳನ್ನು ಹೊತ್ತಿಸಿ ಹಿಮಗಟ್ಟಿದ ಹಡಗನ್ನು ಭೂತದಂತೆ ಬೆಳಗಿಸಿದ. ಲೋಕ ನೆನಪಿಟ್ಟುಕೊಂಡಿರುವುದು ಆ ಚಿತ್ರವನ್ನು, ಅದು ಅದ್ಭುತವೂ ಹೌದು. ಆದರೆ ಅದೇ ಹಡಗಿನ ಇನ್ನೊಂದು ಚಿತ್ರವಿದೆ. ಭೂವಿಜ್ಞಾನಿ ವರ್ಡಿ, ನಾವಿಕ ಚೀತಮ್, ವೈದ್ಯ ಮ್ಯಾಕ್‌ಲಿನ್ ಮೂವರೂ ಮೊಣಕಾಲೂರಿ ನೆಲ ತಿಕ್ಕುತ್ತಿದ್ದಾರೆ. ದಡದಲ್ಲಾದರೆ ಈ ಮೂವರು ಒಂದೇ ಬಕೆಟ್ಟಿಗೆ ಕೈ ಹಾಕುವುದು ಆ ಕಾಲದ ಬ್ರಿಟಿಷ್ ಸಮಾಜದಲ್ಲಿ ಸುಲಭದ ಮಾತಲ್ಲ. ಹಡಗು ಅವರನ್ನು ಒಂದೇ ನೆಲಕ್ಕೆ ತಂದಿದೆ. ಆ ತಂಡ ಮುಂದೆ ಹೇಗೆ ಬದುಕುಳಿಯಿತು ಎಂಬುದಕ್ಕೆ ಒಂದು ಕಾರಣ ನನಗೆ ಭೂತದಂಥ ಹಡಗಿನಲ್ಲಿ ಕಾಣುವುದಿಲ್ಲ, ಈ ಒದ್ದೆ ನೆಲದಲ್ಲಿ ಕಾಣುತ್ತದೆ. ಹಡಗು ನಜ್ಜುಗುಜ್ಜಾದ ಮೇಲೆ ಹರ್ಲಿ ನೀರಿಗಿಳಿದು ಗಾಜಿನ ನೆಗೆಟಿವ್‌ಗಳನ್ನು ಹೊರತಂದ. ಎಲ್ಲವನ್ನೂ ಹೊರಲಾಗದೆ ಸುಮಾರು ನಾನೂರನ್ನು ಒಡೆದು ಹಾಕಿ, ಸುಮಾರು ನೂರಿಪ್ಪತ್ತನ್ನು ಉಳಿಸಿಕೊಂಡ. ದಿನನಿತ್ಯದ ಕೆಲಸದ ಚಿತ್ರಗಳೂ ಹೀಗೆ ನಮ್ಮವರೆಗೆ ಬಂದಿವೆ.

ಕೂವೆಮರದ ಎತ್ತರದಿಂದ ನೋಡುವ ಕಣ್ಣಿಗೆ ಉದಾಹರಣೆಯಾಗಿ ಎರಿಕ್ ನ್ಯೂಬಿಯನ್ನು ನೋಡಬಹುದು. ಹದಿನೆಂಟರ ಹುಡುಗನಾಗಿ 1938ರಲ್ಲಿ ‘ಮೊಶುಲು’ ಎಂಬ ಧಾನ್ಯ ಸಾಗಿಸುವ ಹಾಯಿಹಡಗನ್ನು ಸೇರಿ, ಕೆಲಸ ಮಾಡುತ್ತಲೇ ಚಿತ್ರ ತೆಗೆದವನು ಅವನು. ನನಗೆ ಹೆಚ್ಚು ಪ್ರಿಯನಾದವನು ಆಸ್ಟ್ರೇಲಿಯಾದ ಅಲನ್ ವಿಲಿಯರ್ಸ್. ಅವನು 1938-39ರಲ್ಲಿ ಅಲಿ ಬಿನ್ ನಾಸರ್ ಅಲ್ ನಜ್ದಿ ಎಂಬ ನಾಖುದಾನ (ಕಪ್ತಾನನ) ‘ಬಯಾನ್’ ಎಂಬ ಕುವೈತಿ ಹಡಗಿನಲ್ಲಿ ಏಡನ್ನಿನಿಂದ ಜಾಂಜಿಬಾರ್, ರುಫಿಜಿ ನದೀಮುಖದವರೆಗೆ ಹೋಗಿ ಕುವೈತಿಗೆ ಬಂದ. ಅಂಥ ಹಡಗುಗಳಿಗೆ ಮಲಬಾರಿನ ತೇಗ ಬೇಕಿತ್ತು. ಅವು ನಮ್ಮ ಪಶ್ಚಿಮ ಕರಾವಳಿಗೆ ನೆಂಟರೇ. ವಿಲಿಯರ್ಸ್ ತಾನೇ ನಾವಿಕ. ಹಗ್ಗ ಜಗ್ಗುವವರನ್ನು ತೆಗೆಯುವಾಗ ಅವನ ಕಣ್ಣು ಮುಖಕ್ಕಿಂತ ಮೊದಲು ಬೆನ್ನಿಗೂ ಪಾದಕ್ಕೂ ಹೋಗುತ್ತದೆ, ಏಕೆಂದರೆ ಭಾರ ಬೀಳುವುದು ಅಲ್ಲಿ. ಹಿಂದೆ ಸರಿಯಲು ಜಾಗವಿಲ್ಲದ, ಜನ ಕಿಕ್ಕಿರಿದ ಡೆಕ್ಕು ಅವನಿಗೆ ಹತ್ತಿರದಿಂದ ನೋಡುವುದನ್ನು ಕಡ್ಡಾಯ ಮಾಡಿತು. ಆ ಇಕ್ಕಟ್ಟೇ ಶೈಲಿಯಾಯಿತು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಬಡ ನಾವಿಕರ ದುಡಿಮೆಯನ್ನು ಹೊರನಾಡಿನವನೊಬ್ಬ ಬಂದು ಚಂದವಾಗಿ ತೆಗೆದರೆ, ನಾವು ಸವಿಯುತ್ತಿರುವುದು ಅವರ ಕಷ್ಟವನ್ನೇ ಅಲ್ಲವೆ? ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಕೊಲ್ಲಿಯ ಮುತ್ತಿನ ಮುಳುಗುಗಾರರು ಸಾಲದಲ್ಲಿ ಹೇಗೆ ಸಿಕ್ಕಿಬಿದ್ದಿದ್ದರು ಎಂಬುದನ್ನು ವಿಲಿಯರ್ಸ್ ತನ್ನ 1940ರ ಪುಸ್ತಕದಲ್ಲಿ ಬರೆದಿದ್ದಾನೆ. ಸಾಲ ಮಾತ್ರ ಫೋಟೊದಲ್ಲಿ ಕಾಣುವುದಿಲ್ಲ. ಆದ್ದರಿಂದ ಅವನ ಚಿತ್ರಗಳನ್ನು ಅವನ ಬರಹದ ಪಕ್ಕದಲ್ಲಿಟ್ಟೇ ನೋಡಬೇಕು. ಆದರೂ ದೂರದಿಂದ ತೆಗೆದ ಚಂದದ ಹಾಯಿ ದುಡಿಮೆಯನ್ನು ಪೂರ್ತಿ ಮರೆಸುತ್ತದೆ, ಡೆಕ್ಕಿನ ಚಿತ್ರ ಅಷ್ಟು ಮರೆಸಲಾರದು. ಇನ್ನೊಂದು ಆಕ್ಷೇಪ ಮಾರಿಸ್ ರೋಸೆನ್‌ಫೆಲ್ಡ್‌ನಂಥವರ ಕಡೆಯಿಂದ ಬರಬಹುದು. ಪಂದ್ಯದ ದೋಣಿಗಳನ್ನು ಹೊರಗಿನಿಂದಲೇ ತೆಗೆದು ಆತ ಹಾಯಿಯ ವಕ್ರರೇಖೆಯನ್ನು ಶಿಲ್ಪದ ಮಟ್ಟಕ್ಕೆ ಏರಿಸಿದ. ಒಪ್ಪುತ್ತೇನೆ, ಅದು ಆಕಾರದ ಕಲೆ, ಅದಕ್ಕೆ ಅದರದೇ ರಸಿಕರು ಬೇಕು. ನನ್ನ ವಾದ ನಂಬಿಕೆಯ ಕುರಿತಾದದ್ದು. ವೀರದ ಚಿತ್ರಕ್ಕೆ ತಿದ್ದುವ ಆಸೆ ಬೇಗ ಅಂಟಿಕೊಳ್ಳುತ್ತದೆ. ಹರ್ಲಿಯೇ ಎಲಿಫೆಂಟ್ ದ್ವೀಪದಿಂದ ನೆರವು ತರಲು ಹೊರಟ ‘ಜೇಮ್ಸ್ ಕೇರ್ಡ್’ ದೋಣಿಯನ್ನು ಬೀಳ್ಕೊಟ್ಟ ಚಿತ್ರವನ್ನು ತಿದ್ದಿ, ಅದನ್ನು ರಕ್ಷಣೆಯ ಚಿತ್ರವಾಗಿಸಿದ. ನೆಲ ತಿಕ್ಕುವ ಚಿತ್ರಕ್ಕೆ ಆ ಬಗೆಯ ಒತ್ತಡವಿರಲಿಲ್ಲ. ಅದರಿಂದ ಯಾರೂ ರೋಮಾಂಚನ ನಿರೀಕ್ಷಿಸಿರಲಿಲ್ಲ.

ಈ ನೋಟವನ್ನು ಪಳಗಿಸಿಕೊಳ್ಳಲು ಹಳೆಯ ಆಲ್ಬಮ್ಮುಗಳೇ ಬೇಕೆಂದಿಲ್ಲ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ವರ್ಷದ ಕೊನೆಗೆ ಪೋರಬಂದರಿನಿಂದ ಮಸ್ಕತ್ತಿನ ಕಡೆಗೆ ಹೊರಟಿತು. ಅದರ ಹಾಯಿಯ ಮೇಲೆ ಗಂಡಭೇರುಂಡವಿದೆ, ಆದ್ದರಿಂದ ನಮ್ಮ ಕಣ್ಣು ಮೊದಲು ಅಲ್ಲಿಗೇ ಹಾರುವುದು ಸಹಜ. ಹಾರಲಿ. ಆಮೇಲೆ ಅದನ್ನು ನಿಧಾನವಾಗಿ ಕೆಳಗಿಳಿಸಿ, ಹಲಗೆಗಳ ನಡುವಿನ ಹೊಲಿಗೆಯ ಸಾಲಿಗೆ ತನ್ನಿ. ಅಲ್ಲಿಂದ ಚುಕ್ಕಾಣಿಯ ಬದಲು ಇರುವ ಉದ್ದ ಹುಟ್ಟಿಗೆ, ಅದನ್ನು ಹಿಡಿದ ಕೈಗೆ. ಆ ಕೈಯ ಗಿಣ್ಣುಗಳು ಬಿಳಿಚಿವೆಯೋ ಸಡಿಲವಾಗಿವೆಯೋ ನೋಡಿ. ಅಂದಿನ ಗಾಳಿ ಎಷ್ಟಿತ್ತೆಂಬುದು ಅಲ್ಲಿದೆ.